ಬಾಗಿಲ ಬಳಿ ಕೂರುವ ಮಗು

ಕಳೆದ ಎರಡು ಜುಮಾ ಖುತ್ಬಾಗಳಲ್ಲಿ ನಾವು ಮಕ್ಕಳ ಮನಸ್ಸಿನ ಬಗ್ಗೆ ಮಾತಾಡಿದೆವು. ಖುತ್ಬಾದ ಸಮಯ ಚಿಕ್ಕದು. ಈ ಮಾತು ಮುಖ್ಯವಾಗಿ ತಲುಪಬೇಕಾದದ್ದು ತಾಯಂದಿರಿಗೆ, ಅವರಲ್ಲಿ ಹೆಚ್ಚಿನವರು ಆ ಹೊತ್ತಿಗೆ ಮನೆಯಲ್ಲಿರುತ್ತಾರೆ. ಹೀಗಾಗಿ ಅಲ್ಲಿ ಹೇಳಿದ್ದನ್ನೂ, ಹೇಳಲಾಗದೆ ಉಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್‌ನ ಜಾಗತಿಕ ತುರ್ತು ಪರಿಸ್ಥಿತಿ ಮುಗಿಯಿತೆಂದು ಘೋಷಿಸಿತು. ಪತ್ರಿಕೆಯಲ್ಲಿ ಓದಿ ಅಲ್‌ಹಮ್ದುಲಿಲ್ಲಾಹ್ ಎಂದೆವು. ಅದಾಗಿ ಸ್ವಲ್ಪ ದಿನಕ್ಕೇ ಇಡಗುಂಜಿಯ ನಮ್ಮ ಮಕ್ತಬ್‌ನಲ್ಲಿ ಒಂದು ಘಟನೆ ನಡೆಯಿತು. ತಪ್ಪು ನಮ್ಮದೇ. ಮಗುವಿನ ತಾಯಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇವೆ.

ಎಂಟು ವರ್ಷದ ಒಬ್ಬ ಹುಡುಗ. ಓದಿನಲ್ಲಿ ಚುರುಕು, ಮಾತು ಕಡಿಮೆ. ಎಷ್ಟು ಹೇಳಿದರೂ ಮುಂದಿನ ಸಾಲಿಗೆ ಬರುವುದಿಲ್ಲ, ಬಾಗಿಲ ಪಕ್ಕದಲ್ಲೇ ಕೂರುತ್ತಾನೆ. ಎಲ್ಲ ಮಕ್ಕಳೂ ಚಪ್ಪಲಿಯನ್ನು ಮೆಟ್ಟಿಲ ಬಳಿ ಬಿಟ್ಟರೆ ಇವನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಗೆ ತಂದು ಪಕ್ಕದಲ್ಲಿ ಇಟ್ಟುಕೊಳ್ಳುತ್ತಾನೆ. ಹಟಮಾರಿ ಎಂದೇ ನಾವು ತೀರ್ಮಾನಿಸಿದ್ದೆವು. ಒಂದು ಸಂಜೆ ಗಾಳಿ ಮಳೆ ಜೋರಾಯಿತು. ಬಾಗಿಲು ಬಡಿದುಕೊಳ್ಳುತ್ತಿತ್ತು. ನಾವು ಎದ್ದು ಹೋಗಿ ಬಾಗಿಲು ಹಾಕಿ ಚಿಲಕ ಸಿಕ್ಕಿಸಿದೆವು. ಹುಡುಗ ಕಾಯಿದಾ ಬಿಟ್ಟು ಎದ್ದ. ಬಾಗಿಲಿಗೆ ಕೈಯಿಂದ ಬಡಿಯತೊಡಗಿದ. ನಾವು ಗದರಿದೆವು. ನಿಂತಲ್ಲೇ ಅವನ ಬಟ್ಟೆ ಒದ್ದೆಯಾಯಿತು. ಉಳಿದ ಮಕ್ಕಳು ನಕ್ಕರು. ಆಗಲೂ ನಮಗೆ ಬುದ್ಧಿ ಬರಲಿಲ್ಲ. ಇಷ್ಟು ದೊಡ್ಡವನಾಗಿ ನಾಚಿಕೆಯಾಗುವುದಿಲ್ಲವೇ ಎಂದು ಕೇಳಿಬಿಟ್ಟೆವು.

ಎರಡು ದಿನ ಅವನು ಬರಲಿಲ್ಲ. ಮೂರನೆಯ ದಿನ ತಾಯಿ ಮತ್ತು ನಾನಿ ಬಂದು ಅಂಗಳದಲ್ಲಿ ನಿಂತರು. ನಾನಿ ಹೇಳಿದರು: “ಮೌಲಾನಾ, ಅವನಿಗೆ ಬಯ್ಯಬೇಡಿ. ಅವನು ಬೇಕಂತ ಮಾಡಿದ್ದಲ್ಲ.” ಆಮೇಲೆ ತಾಯಿ ದೇರಾದ ಕಥೆ ಹೇಳಿದರು.

ದುಬೈಯ ದೇರಾದಲ್ಲಿ ಒಂದು ಫ್ಲ್ಯಾಟ್. ಒಂದು ಕೋಣೆಯಲ್ಲಿ ಇವರ ಸಂಸಾರ, ಇನ್ನೊಂದರಲ್ಲಿ ಬೇರೆ ಊರಿನ ಕೆಲಸಗಾರರು. ಅಡುಗೆಮನೆ ಎಲ್ಲರಿಗೂ ಒಂದೇ. ನಮ್ಮವರಲ್ಲಿ ಅನೇಕರು ಹೀಗೇ ಬದುಕುತ್ತಾರೆ, ಊರಿಗೆ ಬಂದಾಗ ಮಾತ್ರ ಅತ್ತರು ಹಚ್ಚಿದ ಬಟ್ಟೆ ಕಾಣುತ್ತದೆ. ಹುಡುಗನಿಗೆ ಆಗ ಐದು ವರ್ಷ. ಹೊರಗೆ ಓಡಿಬಿಡುತ್ತಾನೆಂದು ಬಾಗಿಲಿಗೆ ಒಳಗಿನಿಂದ ಬೀಗ ಹಾಕುತ್ತಿದ್ದರು. ಹೋದರೆ ಕೊರೋನಾ ಹಿಡಿಯುತ್ತದೆ, ಪೊಲೀಸರು ಒಯ್ಯುತ್ತಾರೆ ಎಂದು ಹೆದರಿಸಿದ್ದರು. ಒಂದು ರಾತ್ರಿ ಪಕ್ಕದ ಕೋಣೆಯ ಚಾಚಾರನ್ನು ಬಿಳಿ ಉಡುಪಿನವರು ಬಂದು ಕರೆದೊಯ್ದರು. ಈ ಚಾಚಾ ಹುಡುಗನಿಗೆ ದಿನವೂ ಬಿಸ್ಕತ್ತು ಕೊಡುತ್ತಿದ್ದವರು. ಅವರ ಚಪ್ಪಲಿ ಬಾಗಿಲ ಬಳಿ ಹಾಗೇ ಉಳಿಯಿತು. ಇವರು ಊರಿಗೆ ಹೊರಟ ದಿನವೂ ಅದು ಅಲ್ಲೇ ಇತ್ತು.

“ಅವರು ಏನಾದರು?” ಎಂದು ನಾವು ಕೇಳಿದೆವು.

“ಚೆನ್ನಾಗಿದ್ದಾರೆ. ಈಗಲೂ ಅಲ್ಲೇ ಕೆಲಸ ಮಾಡುತ್ತಿದ್ದಾರೆ.”

“ಹುಡುಗನಿಗೆ ಅದು ಗೊತ್ತೇ?”

ತಾಯಿ ಮತ್ತು ನಾನಿ ಒಬ್ಬರ ಮುಖ ಒಬ್ಬರು ನೋಡಿದರು. ಮೂರು ವರ್ಷದಲ್ಲಿ ಯಾರೂ ಅವನಿಗೆ ಹೇಳಿರಲಿಲ್ಲ. ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಏಕೆಂದರೆ ಅವನು ಕೇಳಿರಲೇ ಇಲ್ಲ.

ನಾವು ಇಷ್ಟೆಲ್ಲ ಬರೆಯುತ್ತಿರುವುದು ಈ ಒಂದು ಮಾತಿಗಾಗಿಯೇ. ಕೇಳದ ಮಗುವಿಗೆ ಏನೂ ಗೊತ್ತಾಗಿಲ್ಲ, ಅದು ಎಲ್ಲವನ್ನೂ ಮರೆತಿದೆ ಎಂದು ನಾವು ನಂಬಿದ್ದೇವೆ.

ಆ ದಿನಗಳು

ಭಟ್ಕಳ, ಮುರ್ಡೇಶ್ವರ, ಮಂಕಿ, ವಲ್ಕಿ, ಹೊನ್ನಾವರ, ಕುಮಟಾ ಭಾಗದ ಎಷ್ಟೋ ಮನೆಗಳು ಅರ್ಧ ಇಲ್ಲಿ, ಅರ್ಧ ಕೊಲ್ಲಿಯಲ್ಲಿ ಇವೆ. 2020ರಲ್ಲಿ ಆ ಎರಡೂ ತುದಿಗಳು ಒಟ್ಟಿಗೆ ಮುಚ್ಚಿಕೊಂಡವು. ದೊಡ್ಡವರಿಗೆ ನೆನಪಿದೆ, ಆದರೂ ಒಂದು ಐದು ವರ್ಷದ ಮಗುವಿನ ಎತ್ತರದಿಂದ ಅದನ್ನು ಮತ್ತೊಮ್ಮೆ ನೋಡಬೇಕು.

ಯುಎಇಯಲ್ಲಿ ಮಾರ್ಚ್ 8ರಿಂದ ಶಾಲೆಗಳು ಮುಚ್ಚಿದವು. ಮಾರ್ಚ್ ಮಧ್ಯದಲ್ಲಿ ಮಸೀದಿಗಳಲ್ಲಿ ಜಮಾಅತ್ ನಿಂತಿತು, ಮನೆಗಳಲ್ಲೇ ನಮಾಝ್ ಮಾಡಿ ಎಂಬ ಮಾತು ಅಝಾನ್‌ಗೆ ಸೇರಿತು. ದಿನಕ್ಕೆ ಐದು ಸಲ ಒಂದೇ ರೀತಿ ಕೇಳಿದ ಧ್ವನಿಯೂ ಬದಲಾಯಿತು ಎಂದರೆ ಮಗುವಿಗೆ ಏನನಿಸಿರಬೇಕು? ಏಪ್ರಿಲ್ 4ರಿಂದ ದುಬೈಯಲ್ಲಿ ದಿನದ 24 ಗಂಟೆಯೂ ನಿರ್ಬಂಧ. ಸಾಮಾನು ತರಲು ಮನೆಯಿಂದ ಒಬ್ಬರಿಗೆ ಮಾತ್ರ ಅವಕಾಶ. ಏಪ್ರಿಲ್ ಕೊನೆಯಲ್ಲಿ ಮಾಲ್‌ಗಳು ತೆರೆದವು, ಆದರೆ 12 ವರ್ಷದೊಳಗಿನ ಮಕ್ಕಳಿಗೆ ಆಗ ಪ್ರವೇಶವಿರಲಿಲ್ಲ.

ಇತ್ತ ಮಾರ್ಚ್ 25ರಿಂದ ಇಡೀ ದೇಶವೇ ಬಂದ್. ಜಿಲ್ಲೆಯ ಮೊದಲ ಸೋಂಕಿನ ಪ್ರಕರಣಗಳು ಭಟ್ಕಳದಲ್ಲಿ, ದುಬೈಯಿಂದ ಬಂದವರಲ್ಲಿ ಕಂಡವು. ಪಟ್ಟಣಕ್ಕೆ ಉಳಿದ ಊರುಗಳಿಗಿಂತ ಬಿಗಿಯಾದ ಬಂದೋಬಸ್ತು ಬಂತು. ರೋಗಿಗಳನ್ನು ಕಾರವಾರಕ್ಕೆ, ನೌಕಾಪಡೆಯ ಪತಂಜಲಿ ಆಸ್ಪತ್ರೆಗೆ ಕರೆದೊಯ್ದರು. ಮೇ ತಿಂಗಳಲ್ಲಿ ಇನ್ನೊಂದು ಗುಂಪಿನಲ್ಲಿ ಸೋಂಕು ಹಬ್ಬಿದಾಗ ಐದು ತಿಂಗಳ ಕೂಸೊಂದೂ ಅದರಲ್ಲಿತ್ತು. ಆ ವರ್ಷದ ರಮಝಾನ್‌ನಲ್ಲಿ ಮಸೀದಿಯಲ್ಲಿ ತರಾವೀಹ್ ಇಲ್ಲ, ಈದ್‌ಗಾಹ್ ಇಲ್ಲ. ಇಡಗುಂಜಿಯ ಗಣಪತಿ ದೇವಸ್ಥಾನದ ಬಾಗಿಲೂ ಮುಚ್ಚಿತ್ತು. ಸಂಕಷ್ಟಿಯ ದಿನ ಕಾಲಿಡಲು ಜಾಗವಿಲ್ಲದ ಆ ರಸ್ತೆಯಲ್ಲಿ ನಾಯಿಗಳು ಮಲಗಿದ್ದವು. ಹೂ ಕಾಯಿ ಮಾರುವವರ ಮಕ್ಕಳಿಗೂ ನಮ್ಮ ಮಕ್ಕಳಿಗೂ ಆಗ ಒಂದೇ ಪಾಡು.

ಒಂದೇ ಪಾಡು ಎಂದೆವು, ಆದರೆ ಒಂದು ವಿಷಯದಲ್ಲಿ ಅಲ್ಲ. ಆ ಏಪ್ರಿಲ್‌ನಲ್ಲಿ ಕೆಲವು ಟಿವಿ ಚಾನೆಲ್‌ಗಳು ರೋಗಕ್ಕೆ ಧರ್ಮ ಅಂಟಿಸಿದವು. ತಬ್ಲೀಗ್‌ನ ವಿದೇಶಿಯರನ್ನು ಬಲಿಪಶು ಮಾಡಲಾಯಿತು ಎಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಆಗಸ್ಟ್‌ನಲ್ಲಿ ಹೇಳಿತು. ಅಷ್ಟರೊಳಗೆ ಟಿವಿಯ ಮುಂದೆ ಕೂತಿದ್ದ ಮಕ್ಕಳು ಕೇಳಬೇಕಾದ್ದನ್ನೆಲ್ಲ ಕೇಳಿಯಾಗಿತ್ತು. ಕೊರೋನಾ ನಮ್ಮಿಂದ ಬಂತಾ ಎಂದು ಒಂದು ಹುಡುಗಿ ನಮ್ಮನ್ನೇ ಕೇಳಿದ್ದಳು. ನಾವು ಅವಳಿಗೆ ಕೊಟ್ಟ ಉತ್ತರ ದೊಡ್ಡವರಿಗೆ ಕೊಡುವಂಥ ಭಾಷಣವಾಗಿತ್ತು. ಇಲ್ಲ ಮಗಳೇ, ನಿನ್ನದೇನೂ ತಪ್ಪಿಲ್ಲ ಎಂದಿದ್ದರೆ ಸಾಕಿತ್ತು.

ಮೇ 7ರಿಂದ ವಂದೇ ಭಾರತ್ ವಿಮಾನಗಳು ಶುರುವಾದವು. ಮೇ 12ರಂದು ದುಬೈಯಿಂದ ಮೊದಲ ವಿಮಾನ ಮಂಗಳೂರಿಗೆ ಬಂತು. ಜೂನ್‌ನಲ್ಲಿ ಭಟ್ಕಳ ಮೂಲದ ಉದ್ಯಮಿಗಳೂ ಸಂಘಟನೆಗಳೂ ಬಾಡಿಗೆ ವಿಮಾನ ಮಾಡಿ ಜನರನ್ನು ಕರೆತಂದವು. ಕೆಲಸ ಹೋದವರು, ಗರ್ಭಿಣಿಯರು, ಕಾಯಿಲೆಯವರು, ಅವರ ಜೊತೆ ಮಕ್ಕಳು. ಮುಖಕ್ಕೆ ಮಾಸ್ಕ್, ಅದರ ಮೇಲೆ ಪ್ಲಾಸ್ಟಿಕ್ ಪರದೆ. ಮಂಗಳೂರಿನಲ್ಲಿ ಇಳಿದರೆ ನಾನಾ ಹಾರ ಹಿಡಿದು ನಿಂತಿರಲಿಲ್ಲ. ಹೋಟೆಲು, ಹಾಸ್ಟೆಲುಗಳಲ್ಲಿ ಕ್ವಾರಂಟೈನ್, ಅದು ಮುಗಿದ ಮೇಲೆ ಮನೆಯಲ್ಲೂ ಬೇರೆ ಕೋಣೆ. ಒಂದು ಮನೆಯಲ್ಲಿ ನಾಲ್ಕು ವರ್ಷದ ಹುಡುಗಿ ಬಾಗಿಲ ಸಂದಿಯಿಂದ ಕೈ ಚಾಚಿದರೆ ದಾದಿ ದೂರದಿಂದಲೇ ದುಆ ಮಾಡಿ ಅಳುತ್ತಿದ್ದರಂತೆ. ಹುಡುಗಿಗೆ ಅರ್ಥವಾದದ್ದು ಬೇರೆ: ದಾದಿಗೆ ನನ್ನ ಮೇಲೆ ಸಿಟ್ಟು. ಈಗಲೂ ದಾದಿಯ ತೊಡೆಯೇರಲು ಅವಳು ಹಿಂದೆಮುಂದೆ ನೋಡುತ್ತಾಳೆ.

ಆಮೇಲೆ ಮಳೆಗಾಲ. ದೀಪ ಆರದ ನಗರದಲ್ಲಿ ಹುಟ್ಟಿದ ಮಕ್ಕಳಿಗೆ ನಮ್ಮ ಜೂನ್ ಎಂದರೇನೆಂದು ಗೊತ್ತಿರಲಿಲ್ಲ. ಕರೆಂಟು ಹೋದ ರಾತ್ರಿ, ಗುಡುಗು, ಹೆಂಚಿನ ಮೇಲೆ ಸುರಿಯುವ ನೀರು, ತೋಟದಲ್ಲಿ ವಟಗುಟ್ಟುವ ಕಪ್ಪೆ. ನಮಗೆ ಅದು ಜೋಗುಳ, ಅವರಿಗೆ ಹೆದರಿಕೆ. ಅಬ್ಬಾ ಜೊತೆಗಿಲ್ಲ. ಕೆಲಸ ಉಳಿದಿದ್ದವರು ಅಲ್ಲೇ ಉಳಿದರು, ಕೆಲಸ ಹೋದವರು ಆರು ತಿಂಗಳಲ್ಲಿ ಹೊಸ ವೀಸಾದಲ್ಲಿ ಒಬ್ಬರೇ ಮರಳಿದರು. ಜೂನ್ 8ರಿಂದ ಮಸೀದಿ ತೆರೆದಾಗಲೂ ಹತ್ತು ವರ್ಷದೊಳಗಿನವರು ಮನೆಯಲ್ಲೇ ಇರಬೇಕೆಂಬ ಸೂಚನೆ ಇತ್ತು. ಕರ್ನಾಟಕದಲ್ಲಿ 1ರಿಂದ 5ನೇ ತರಗತಿ ಮತ್ತೆ ಶುರುವಾದದ್ದು 2021ರ ಅಕ್ಟೋಬರ್ 25ಕ್ಕೆ. 2020ರ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಬೇಕಿದ್ದ ಮಗು ತರಗತಿಯ ಮುಖ ಕಂಡದ್ದು 16 ತಿಂಗಳ ನಂತರ, ಅದೂ ಗೊತ್ತಿಲ್ಲದ ಊರಲ್ಲಿ, ಗೊತ್ತಿಲ್ಲದ ಭಾಷೆಯಲ್ಲಿ.

ಮಗು ಹೇಗೆ ಹೇಳುತ್ತದೆ

ನಮಗೆ ಸಂಕಟವಾದರೆ ಯಾರ ಹತ್ತಿರವಾದರೂ ಹೇಳಿಕೊಳ್ಳುತ್ತೇವೆ. ಐದಾರು ವರ್ಷದ ಮಗುವಿಗೆ ಅದಕ್ಕೆ ಬೇಕಾದ ಮಾತುಗಳೇ ಇರುವುದಿಲ್ಲ. ಅದರ ದೇಹ ಹೇಳುತ್ತದೆ. ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರು. ತಾಯಿ ಬಚ್ಚಲಿಗೆ ಹೋದರೂ ಬಾಗಿಲಲ್ಲಿ ನಿಂತು ಅಳು. ಉಗುರು ಕಚ್ಚುವುದು, ನಿದ್ದೆಯಲ್ಲಿ ಬೆಚ್ಚುವುದು, ತಂಗಿಯನ್ನು ಹೊಡೆಯುವುದು, ಚೆನ್ನಾಗಿ ಮಾತಾಡುತ್ತಿದ್ದ ಮಗು ತೊದಲುವುದು ಅಥವಾ ಮೌನವಾಗುವುದು. ಇವುಗಳಲ್ಲಿ ಒಂದೊಂದಕ್ಕೂ ನಮ್ಮ ಮನೆಗಳಲ್ಲಿ ಬೇರೆ ಬೇರೆ ಹೆಸರಿದೆ: ಹಟ, ಸೋಮಾರಿತನ, ಮುದ್ದು ಹೆಚ್ಚಾಗಿದ್ದು, ನಝರ್ ತಾಗಿದ್ದು. ಭಯ ಎಂಬ ಹೆಸರನ್ನು ಮಾತ್ರ ನಾವು ಇಡುವುದಿಲ್ಲ.

ಇನ್ನೊಂದು ವಿಷಯ. ಮಗು ಸುದ್ದಿ ತಿಳಿಯುವುದು ತಾಯಿಯ ಮುಖದಿಂದ. ಬಾಡಿಗೆ ಕಟ್ಟಲಾಗದ ತಿಂಗಳು ಗಂಡ ಹೆಂಡತಿ ಪಿಸುಮಾತಿನಲ್ಲಿ ಜಗಳವಾಡಿದರೆ ಮಗುವಿಗೆ ವಿಷಯ ಗೊತ್ತಾಗುವುದಿಲ್ಲ, ಆದರೆ ಏನೋ ಕೆಟ್ಟದ್ದು ನಡೆಯುತ್ತಿದೆ ಎಂಬುದು ಪೂರ್ತಿ ಗೊತ್ತಾಗುತ್ತದೆ. ಉಳಿದ ಕಥೆಯನ್ನು ಅದೇ ಕಟ್ಟಿಕೊಳ್ಳುತ್ತದೆ. ಆ ಕಥೆಯಲ್ಲಿ ಬಹಳ ಸಲ ತಪ್ಪು ಅದರದ್ದೇ ಆಗಿರುತ್ತದೆ. ನಾನು ಗಲಾಟೆ ಮಾಡಿದ್ದಕ್ಕೆ ಅಬ್ಬಾ ನಮ್ಮನ್ನು ಊರಿಗೆ ಕಳಿಸಿದರು. ನಾನು ಚಾಚಾರ ಬಿಸ್ಕತ್ತು ತಿಂದದ್ದಕ್ಕೆ ಅವರನ್ನು ಒಯ್ದರು. ನಗಬೇಡಿ, ಈ ಎರಡನೆಯದು ನಮ್ಮ ಹುಡುಗನೇ ಆಮೇಲೆ ತಾಯಿಗೆ ಹೇಳಿದ್ದು.

ವಲಸೆ ಹೋದ ಮನೆಗಳ ಮಕ್ಕಳಿಗೆ ಇದರ ಮೇಲೆ ಇನ್ನೊಂದು ಹೊರೆ. ಅವರು ಬಿಟ್ಟುಬಂದದ್ದು ಅವರ ಊರನ್ನು. ನಮಗೆ ದುಬೈ ದುಡಿಯುವ ಜಾಗ, ಊರು ಇದು. ಅಲ್ಲಿ ಹುಟ್ಟಿದ ಮಗುವಿಗೆ ದೇರಾವೇ ಊರು. ಶಾಲೆಯ ಗೆಳೆಯನಿಗೆ ವಿದಾಯ ಹೇಳಲಿಲ್ಲ, ಕೆಂಪು ಸೈಕಲ್ ವರಾಂಡದಲ್ಲೇ ಉಳಿಯಿತು, ಟೀಚರ್ ಮುಖ ಕೊನೆಗೆ ಕಂಡದ್ದು ಮೊಬೈಲಿನ ಪರದೆಯಲ್ಲಿ. ಇಲ್ಲಿ ಬಂದರೆ ಅವನ ಇಂಗ್ಲಿಷ್‌ಗೆ ಮಕ್ಕಳು ನಗುತ್ತಾರೆ, ಅವನ ನವಾಯತಿಗೆ ದೊಡ್ಡವರು ನಗುತ್ತಾರೆ, ಕನ್ನಡ ಅಕ್ಷರ ಬರುವುದೇ ಇಲ್ಲ. ದುಬೈ ರಾಜಕುಮಾರ ಎಂಬ ಅಡ್ಡಹೆಸರು ಬೀಳುತ್ತದೆ. ಊರಿಗೆ ಬಂದೆಯಲ್ಲ, ಇನ್ನೇನು ಬೇಕು ನಿನಗೆ ಎಂದು ನಾವು ಕೇಳುತ್ತೇವೆ.

ಪ್ರವಾದಿಯವರ ಬಳಿಗೆ ಬಂದ ವಲಸೆ ಮಕ್ಕಳು

ಖುತ್ಬಾಕ್ಕಾಗಿ ಹುಡುಕುವಾಗ ನಮಗೇ ಆಶ್ಚರ್ಯವಾಯಿತು. ಪ್ರವಾದಿ(ಸ)ರ ಸುತ್ತಲೂ ಇಂಥ ಮಕ್ಕಳು ಇದ್ದರು. ಮಕ್ಕಾದ ಹಿಂಸೆ ತಾಳದೆ ಹಬಶಾಗೆ, ಅಂದರೆ ಇಂದಿನ ಇಥಿಯೋಪಿಯಾದ ಕಡೆಗೆ ಹೋದವರ ಮಕ್ಕಳು ಅಲ್ಲೇ ಹುಟ್ಟಿ, ಅಲ್ಲಿನ ಮಾತು ಕಲಿತು, ವರ್ಷಗಳ ನಂತರ ತಾವು ಎಂದೂ ಕಾಣದ ಮದೀನಾಗೆ ಬಂದರು.

ಅವರಲ್ಲಿ ಒಬ್ಬಳು ಉಮ್ಮು ಖಾಲಿದ್(ರ), ಖಾಲಿದ್ ಬಿನ್ ಸಈದ್(ರ)ರ ಮಗಳು. ಸಹೀಹ್ ಬುಖಾರಿಯಲ್ಲಿ ಅವಳ ವರದಿ ಇದೆ. ಪ್ರವಾದಿ(ಸ)ರಿಗೆ ಒಂದಷ್ಟು ಬಟ್ಟೆ ಬಂತು, ಅದರಲ್ಲಿ ಅಂಚಿರುವ ಕಪ್ಪು ಬಣ್ಣದ ಒಂದು ಚಿಕ್ಕ ವಸ್ತ್ರ. ಇದನ್ನು ಯಾರಿಗೆ ಕೊಡೋಣ ಎಂದು ಕೇಳಿದರು. ಎಲ್ಲರೂ ಸುಮ್ಮನಿದ್ದರು. ಈ ಪುಟ್ಟ ಹುಡುಗಿಯನ್ನು ಕರೆತರಲು ಹೇಳಿ, ತಮ್ಮ ಕೈಯಿಂದಲೇ ಅವಳಿಗೆ ತೊಡಿಸಿದರು. ಬಟ್ಟೆಯ ಅಂಚನ್ನು ತೋರಿಸಿ “ಸನಾ” ಎಂದರು. ಅದು ಅರಬಿ ಅಲ್ಲ, ಹಬಶಾದ ಮಾತು. ಚೆಂದ ಎಂದು ಅರ್ಥ.

ಅರಬಿಯಲ್ಲಿ ಹೇಳಿದ್ದರೆ ಅವಳಿಗೆ ತಿಳಿಯುತ್ತಿರಲಿಲ್ಲವೇ? ಅರಬ್ಬೀ ತಂದೆಯ ಮಗಳು, ತಿಳಿಯುತ್ತಿತ್ತು. ಆದರೂ ಅವಳು ಹುಟ್ಟಿದ ನೆಲದ ಒಂದು ಮಾತನ್ನು ಆರಿಸಿಕೊಂಡರು. ಇನ್ನೊಂದು ವರದಿಯಂತೆ ಅದೇ ಹುಡುಗಿ ಪ್ರವಾದಿ(ಸ)ರ ಬೆನ್ನಿನ ಪ್ರವಾದಿತ್ವದ ಮುದ್ರೆಯೊಂದಿಗೆ ಆಡತೊಡಗಿದಾಗ ತಂದೆ ಗದರಿದರು, ಪ್ರವಾದಿ(ಸ)ರು ಅವಳನ್ನು ಬಿಡಲು ಹೇಳಿದರು. ಹೊಸ ಊರಿಗೆ ಬಂದ ಮಗುವಿನ ಭಾಷೆಯನ್ನು ಆಡಿಕೊಳ್ಳುವವರು ಈ ವರದಿಯನ್ನು ಒಮ್ಮೆ ಓದಬೇಕು. ನಾವೂ ಓದಿದೆವು, ತಲೆ ತಗ್ಗಿಸಿದೆವು.

ಇನ್ನೊಬ್ಬರು ಅಬ್ದುಲ್ಲಾ ಬಿನ್ ಜಾಫರ್(ರ). ಅವರೂ ಹಬಶಾದಲ್ಲಿ ಹುಟ್ಟಿದವರು. ಹಿಜ್ರಿ 7ರಲ್ಲಿ ತಂದೆ ತಾಯಿಯೊಂದಿಗೆ ಮದೀನಾಗೆ ಬಂದರು. ಮರುವರ್ಷವೇ ತಂದೆ ಜಾಫರ್(ರ) ಮುಅ್ತಾ ಯುದ್ಧದಲ್ಲಿ ಹುತಾತ್ಮರಾದರು. ಹೊಸ ಊರು, ತಂದೆಯಿಲ್ಲ. ಪ್ರವಾದಿ(ಸ)ರು ಆ ಮನೆಗೆ ಹೋಗಿ ಮಕ್ಕಳನ್ನು ತರಿಸಿ ಅಪ್ಪಿಕೊಂಡರು. ಅವರ ಕಣ್ಣಲ್ಲಿ ನೀರು ಹರಿಯಿತು. ಮಕ್ಕಳ ಮುಂದೆ ಅಳಬಾರದು ಎಂದು ಅವರು ಮುಖ ತಿರುಗಿಸಲಿಲ್ಲ. ಆ ಮನೆಗೆ ಅಡುಗೆ ಮಾಡಿ ಕಳಿಸಲು ಜನರಿಗೆ ಹೇಳಿದರು. ಕೆಲವು ದಿನಗಳ ನಂತರ ಮತ್ತೆ ಮಕ್ಕಳನ್ನು ಕರೆದು, ಕ್ಷೌರಿಕನಿಂದ ತಲೆಕೂದಲು ತೆಗೆಸಿ, ಇವನು ಯಾರನ್ನು ಹೋಲುತ್ತಾನೆ, ಅವನು ಯಾರನ್ನು ಹೋಲುತ್ತಾನೆ ಎಂದು ಒಬ್ಬೊಬ್ಬರ ಬಗ್ಗೆಯೂ ಹೇಳಿದರು. ನೀವು ನಮ್ಮವರು ಎಂದು ಮಗುವಿಗೆ ತಿಳಿಸುವ ರೀತಿ ಅದು. ಪ್ರವಾದಿ(ಸ)ರು ಪ್ರಯಾಣದಿಂದ ಮರಳುವಾಗ ಮನೆಯ ಮಕ್ಕಳು ಎದುರುಗೊಳ್ಳುತ್ತಿದ್ದರು, ಹಾಗೊಮ್ಮೆ ಅಬ್ದುಲ್ಲಾರನ್ನು ವಾಹನದ ಮೇಲೆ ತಮ್ಮ ಮುಂದೆ ಕೂರಿಸಿಕೊಂಡರು ಎಂದು ಸಹೀಹ್ ಮುಸ್ಲಿಮ್‌ನಲ್ಲಿದೆ.

ಅನಸ್(ರ)ರ ತಮ್ಮ ಅಬೂ ಉಮೈರ್‌ನ ಹಕ್ಕಿ ಸತ್ತಾಗ ಪ್ರವಾದಿ(ಸ)ರು ಅವನ ಬಳಿ ಆ ಹಕ್ಕಿಯ ಬಗ್ಗೆ ವಿಚಾರಿಸಿದ್ದು ಎಲ್ಲರಿಗೂ ಗೊತ್ತು. ಗಮನಿಸಬೇಕಾದ್ದು, ಇನ್ನೊಂದು ಹಕ್ಕಿ ತಂದುಕೊಡುತ್ತೇನೆ ಎನ್ನಲಿಲ್ಲ, ಹೋದದ್ದರ ಹೆಸರೆತ್ತಿ ಕೇಳಿದರು. ನಾವಾದರೆ ವಿಷಯ ಬದಲಿಸಿ ಚಾಕಲೇಟು ಕೊಡುತ್ತೇವೆ.

ದುಃಖ ಈಮಾನಿನ ಕೊರತೆ ಎನ್ನುವವರಿದ್ದಾರೆ. ಯೂಸುಫ್ ಅಧ್ಯಾಯವನ್ನು ಅವರು ಇನ್ನೊಮ್ಮೆ ಓದಲಿ. ಯಅ್‌ಕೂಬ್(ಅ)ರು ಮಗನಿಗಾಗಿ ಅತ್ತು ಅತ್ತು ಕಣ್ಣು ಬಿಳಿಚಿಕೊಂಡವು, ಅವರು ಪ್ರವಾದಿಯೇ ಆಗಿದ್ದರು. ಹಿಜ್ರತ್ ಮಾಡಿ ಮದೀನಾಗೆ ಬಂದ ಹೊಸತರಲ್ಲಿ ಬಿಲಾಲ್(ರ)ರು ಜ್ವರದಲ್ಲಿ ಮಕ್ಕಾದ ಕಣಿವೆಯನ್ನೂ ಅಲ್ಲಿನ ಹುಲ್ಲನ್ನೂ ನೆನೆದು ಹಂಬಲಿಸಿದರು. ಅವರನ್ನು ಹಿಂಸಿಸಿದ ಊರು ಅದು! ಪ್ರವಾದಿ(ಸ)ರು ಅವರನ್ನು ಗದರಲಿಲ್ಲ, ಮದೀನಾವನ್ನೂ ನಮಗೆ ಪ್ರಿಯಗೊಳಿಸು ಎಂದು ಅಲ್ಲಾಹನಲ್ಲಿ ಬೇಡಿದರು. ದೊಡ್ಡ ಸಹಾಬಿಗೇ ಊರಿನ ನೆನಪು ಜ್ವರವಾಗಿ ಕಾಡಿದರೆ ನಮ್ಮ ಮಗುವಿನ ದೇರಾದ ನೆನಪಿಗೆ ಏನು ದೋಷ?

ನಾವು ಮಾಡಿದ್ದು, ಮಾಡಬಹುದಾದದ್ದು

ಮೊದಲು ನಮ್ಮ ಕಥೆ ಮುಗಿಸುತ್ತೇವೆ. ಹುಡುಗನ ತಂದೆಗೆ ಫೋನ್ ಮಾಡಿಸಿದೆವು. ಅವರು ಆ ಚಾಚಾರ ಕೋಣೆಗೆ ಹೋಗಿ ವಿಡಿಯೋ ಕಾಲ್ ಮಾಡಿದರು. ಚಾಚಾ ನಕ್ಕು ಸಲಾಮ್ ಹೇಳಿ ಅವನ ಓದಿನ ಬಗ್ಗೆ ಕೇಳಿದರು. ಹುಡುಗ ಬಹಳ ಹೊತ್ತು ನೋಡಿ ಒಂದೇ ಪ್ರಶ್ನೆ ಕೇಳಿದನಂತೆ: ಚಪ್ಪಲಿ ಸಿಕ್ಕಿತಾ? ಆ ರಾತ್ರಿ ಅವನು ತಾಯಿಗೆ ತುಂಬ ಮಾತಾಡಿದ. ಮಕ್ತಬ್‌ಗೆ ಮರಳಿ ಬಂದ ದಿನ ನಾವು ಎಲ್ಲ ಮಕ್ಕಳ ಮುಂದೆ, ಆ ದಿನ ನಾನು ಗದರಿದ್ದು ತಪ್ಪು ಎಂದೆವು. ಉಸ್ತಾದ್ ಕ್ಷಮೆ ಕೇಳಿದರೆ ಮಕ್ಕಳು ಹಗುರವಾಗಿ ಕಾಣುತ್ತಾರೆ ಎಂದು ಕಮಿಟಿಯ ಹಿರಿಯರೊಬ್ಬರು ಬೇಸರಪಟ್ಟರು. ಇರಲಿ. ಹುಡುಗ ಈಗಲೂ ಬಾಗಿಲ ಬಳಿಯೇ ಕೂರುತ್ತಾನೆ. ನಾವು ಬಾಗಿಲಿಗೆ ಚಿಲಕ ಹಾಕುವುದಿಲ್ಲ, ಮಳೆ ಬಂದರೆ ಒಂದು ಕಲ್ಲು ಆನಿಸಿಡುತ್ತೇವೆ. ಚಪ್ಪಲಿ ಕೆಲವು ದಿನ ಹೊರಗಿರುತ್ತದೆ, ಕೆಲವು ದಿನ ಒಳಗೆ.

ಮನೆಯಲ್ಲಿ ಮಾಡಬಹುದಾದದ್ದರಲ್ಲಿ ಬಹಳ ಮುಖ್ಯವಾದದ್ದು, ಆ ದಿನಗಳ ಕಥೆಯನ್ನು ಮಗುವಿಗೆ ಹೇಳುವುದು. ನಿನಗೆ ನಾಲ್ಕು ವರ್ಷವಿದ್ದಾಗ ಹೀಗೊಂದು ಕಾಯಿಲೆ ಬಂತು, ಬಾಗಿಲು ಹಾಕಿದ್ದು ಇದಕ್ಕೆ, ದಾದಿ ಮುಟ್ಟದೇ ಇದ್ದದ್ದು ಇದಕ್ಕೆ, ಅಬ್ಬಾ ಮರಳಿ ಹೋದದ್ದು ಇದಕ್ಕೆ, ಯಾವುದರಲ್ಲೂ ನಿನ್ನ ತಪ್ಪಿಲ್ಲ. ಸತ್ತವರಿದ್ದರೆ ಅದನ್ನೂ ಹೇಳಬೇಕು. ದುಬೈಗೆ ಹೋಗಿದ್ದಾರೆ, ಮಲಗಿದ್ದಾರೆ ಎಂದು ಸುಳ್ಳು ಹೇಳಿದರೆ ದುಬೈಗೆ ಹೋಗುವವರನ್ನೂ ಮಲಗುವವರನ್ನೂ ಕಂಡರೆ ಅದಕ್ಕೆ ಹೆದರಿಕೆ ಹುಟ್ಟುತ್ತದೆ. ಒಂದೇ ಸಲ ಹೇಳಿ ಮುಗಿಸುವುದಲ್ಲ, ಅದು ಮತ್ತೆ ಮತ್ತೆ ಕೇಳಲಿ. ಫೋನಿನಲ್ಲಿರುವ ಹಳೆಯ ಫೋಟೋಗಳನ್ನು ಒಟ್ಟಿಗೆ ನೋಡಿ. ಆ ಸೈಕಲ್, ಆ ಗೆಳೆಯ, ಆ ಕಿಟಕಿ ನೆನಪಿದೆಯಾ ಎಂದು ಕೇಳಿ.

ಹೊರದೇಶದಲ್ಲಿರುವ ತಂದೆಯರಿಗೆ ಒಂದು ಮಾತು. ನಿಮ್ಮ ಬೆವರು ನಮಗೆ ಗೊತ್ತು. ನೀವು ಫೋನ್ ಮಾಡಿದಾಗ ಕೇಳುವುದು ಮೂರೇ ಪ್ರಶ್ನೆ: ನಮಾಝ್ ಮಾಡಿದೆಯಾ, ಮಾರ್ಕ್ಸ್ ಎಷ್ಟು, ಅಮ್ಮಿಗೆ ತೊಂದರೆ ಕೊಟ್ಟೆಯಾ. ಮಗು ಮೂರಕ್ಕೂ ಒಂದೇ ಶಬ್ದದಲ್ಲಿ ಉತ್ತರಿಸಿ ಫೋನನ್ನು ತಾಯಿಗೆ ಕೊಡುತ್ತದೆ. ಇವತ್ತು ನೀವು ಊಟಕ್ಕೆ ಏನು ತಿಂದಿರಿ, ಬಸ್ಸು ತಪ್ಪಿಹೋಯಿತೇ ಎಂದು ನಿಮ್ಮ ಕಡೆಯದನ್ನು ಹೇಳಿ ನೋಡಿ. ಮಗು ತನ್ನ ಕಡೆಯದನ್ನು ಹೇಳುತ್ತದೆ. ವಾರದಲ್ಲಿ ಇಂಥ ದಿನ, ಇಂಥ ಹೊತ್ತು ಎಂದು ಗೊತ್ತು ಮಾಡಿ, ಆ ಹೊತ್ತು ತಪ್ಪಿಸಬೇಡಿ. ಮುಂದಿನ ವರ್ಷ ಕರೆಸಿಕೊಳ್ಳುತ್ತೇನೆ ಎಂದು ಖಚಿತವಿಲ್ಲದ ಮಾತು ಕೊಡಬೇಡಿ. ದೊಡ್ಡವರು ಅದನ್ನು ಸಮಾಧಾನ ಎಂದು ತಿಳಿಯುತ್ತಾರೆ, ಮಗು ದಿನ ಎಣಿಸುತ್ತದೆ.

ಶಾಲೆಯ ವಿಷಯ ಹೆಚ್ಚು ಹೇಳುವುದಿಲ್ಲ. ಕನ್ನಡ ಬಾರದ ಮಗುವನ್ನು ಕನ್ನಡ ಚೆನ್ನಾಗಿ ಬರುವ ಮಗುವಿನ ಪಕ್ಕ ಕೂರಿಸಿ ಎಂದು ಶಿಕ್ಷಕರನ್ನು ಕೇಳಿಕೊಳ್ಳಿ, ಬಹಳ ಮಂದಿ ಒಪ್ಪುತ್ತಾರೆ.

ನಝರ್, ಜಿನ್ನ್ ಎಂದು ತಾವೀಝ್ ಕೇಳಿಕೊಂಡು ಬರುವವರಿಗೆ ನಾವು ಹೇಳುವುದು ಇದು. ದುಆ ಖಂಡಿತ ಓದೋಣ. ಪ್ರವಾದಿ(ಸ)ರು ಹಸನ್, ಹುಸೈನ್(ರ)ರಿಗಾಗಿ ರಕ್ಷಣೆಯ ದುಆ ಓದುತ್ತಿದ್ದರು. ಕಾಯಿಲೆಗೆ ಚಿಕಿತ್ಸೆ ಪಡೆಯಲು ಹೇಳಿದವರೂ ಅವರೇ. ಮನಸ್ಸಿನ ಕಾಯಿಲೆಯನ್ನು ಅವರು ಅದರಿಂದ ಹೊರಗಿಡಲಿಲ್ಲ. ಮಗು ವಾರಗಟ್ಟಲೆ ನಿದ್ದೆ ಮಾಡದಿದ್ದರೆ, ಊಟ ಬಿಟ್ಟರೆ, ಮಾತು ನಿಲ್ಲಿಸಿದರೆ, ತನಗೆ ತಾನೇ ನೋವು ಮಾಡಿಕೊಂಡರೆ, ಸಾಯುವ ಮಾತಾಡಿದರೆ ನಮ್ಮ ಬಳಿ ಬಂದು ಸಮಯ ಕಳೆಯಬೇಡಿ. ಮದ್ರಸದಲ್ಲಿ ನಾವು ಇದನ್ನು ಕಲಿತಿಲ್ಲ. ಕೇಂದ್ರ ಸರಕಾರದ ಟೆಲಿ ಮಾನಸ್ ಎಂಬ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಶುರುವಾಗಿದೆ, ಅದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಸಂಖ್ಯೆ 14416. ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲಿ ಮಾತಾಡಬಹುದು, ಹಣ ಕೊಡಬೇಕಿಲ್ಲ. ತಾಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನ ಯಾವುದೆಂದು ವಿಚಾರಿಸಿ ಹೋಗಬಹುದು. ಮಗುವಿಗೆ ಹುಚ್ಚು ಎಂಬ ಹೆಸರು ಬರುತ್ತದೆ, ನಾಳೆ ನಿಕಾಹ್‌ಗೆ ತೊಂದರೆ ಎಂದು ಒಬ್ಬ ತಾಯಿ ಹೆದರಿದರು. ಹೆಸರು ಇಡುವವರು ನಾವೇ, ಬೇರೆ ಯಾರೂ ಅಲ್ಲ. ನಾವು ಇಡದಿದ್ದರೆ ಆಯಿತು.

ನಮ್ಮ ಮಕ್ಕಳ ಮಾತಾಡುತ್ತಾ ಇನ್ನೊಂದು ಗುಂಪನ್ನು ಮರೆಯಬಾರದು. ಆ ಬಂದ್‌ನಲ್ಲಿ ಉತ್ತರ ಕರ್ನಾಟಕದ ಕಡೆಯಿಂದ ಕೂಲಿಗೆ ಬಂದಿದ್ದ ಕುಟುಂಬಗಳ ಮಕ್ಕಳೂ ನಮ್ಮ ಕರಾವಳಿಯಲ್ಲಿ ಸಿಕ್ಕಿಕೊಂಡಿದ್ದರು. ನಾವು ದುಬೈಯಲ್ಲಿ ಪರದೇಶಿಗಳಾದ ಹಾಗೆ ಅವರು ಇಲ್ಲಿ. ಆಗ ನಮ್ಮ ಹುಡುಗರು ಅಕ್ಕಿ, ಬೇಳೆ ಮುಟ್ಟಿಸಿದ್ದು ನಿಜ, ಆ ಮಕ್ಕಳ ಹೆಸರು ಕೇಳಿದವರು ಕಡಿಮೆ. ದಾರಿಹೋಕನ ಹಕ್ಕನ್ನು ಕುರ್‌ಆನ್ ಬಂಧುಗಳ, ಬಡವರ ಹಕ್ಕಿನ ಜೊತೆಗೇ ಹೇಳುತ್ತದೆ.

ಜುಲೈನಲ್ಲಿ ಕೊಲ್ಲಿಯ ಶಾಲೆಗಳಿಗೆ ರಜೆ. ವಿಮಾನದಲ್ಲಿ ಮಕ್ಕಳು ಬರುತ್ತಾರೆ, ಮಸೀದಿ ತುಂಬುತ್ತದೆ. ಹಿಂದಿನ ಸಾಲಿನಲ್ಲಿ ಸದ್ದಾದರೆ ಸಲಾಮ್ ಹೇಳಿದ ಕೂಡಲೇ ತಿರುಗಿ ಕಣ್ಣು ಕೆಂಪು ಮಾಡುವ ಹಿರಿಯರಲ್ಲಿ ನಮ್ಮ ವಿನಂತಿ ಇದೆ: ಮಗುವಿನ ಅಳು ಕೇಳಿ ನಮಾಝನ್ನೇ ಚಿಕ್ಕದಾಗಿಸಿದ ಇಮಾಮರ ಉಮ್ಮತ್ ನಾವು.

ಬರುವ ಜುಮಾದ ದಿನ ಅಸರ್ ನಮಾಝ್ ಆದ ಮೇಲೆ ಮಕ್ತಬ್‌ನಲ್ಲಿ ಪೋಷಕರ ಸಭೆ ಇದೆ. ತಾಯಂದಿರಿಗೆ ಒಳಗಿನ ಕೋಣೆಯಲ್ಲಿ ವ್ಯವಸ್ಥೆ ಮಾಡಿದ್ದೇವೆ. 2020ರಲ್ಲಿ ಹೊರದೇಶದಿಂದ ಬಂದ ಮಕ್ಕಳ ಮನೆಯವರು ತಪ್ಪದೆ ಬನ್ನಿ, ಮಕ್ಕಳನ್ನೂ ಕರೆತನ್ನಿ. ಹೇಳಿಕೊಳ್ಳಲು ಸಂಕೋಚವಿದ್ದರೆ ಮಗ್ರಿಬ್‌ವರೆಗೆ ನಾವು ಅಲ್ಲೇ ಇರುತ್ತೇವೆ. ಬಾಗಿಲು ತೆರೆದಿರುತ್ತದೆ.